ಎದುರು ಕೂತ ಮೇಷ್ಟ್ರು

ನಮ್ಮ ಭಾವ ಪೇಪರನ್ನು ತಲೆಕೆಳಗಾಗಿ ಓದುತ್ತಾರೆ. ತಮಾಷೆಗೆ ಹೇಳುತ್ತಿಲ್ಲ. ಬೆಳಿಗ್ಗೆ ನಾನು ಅಕ್ಕನ ಮನೆಗೆ ಹೋಗಿ, ಅಡುಗೆಮನೆಯ ಮೇಜಿನ ಮೇಲೆ ಪೇಪರ್ ಬಿಡಿಸಿಕೊಂಡು ಕೂತರೆ, ಎದುರು ಕೂತ ಭಾವ ಚಹಾ ಹೀರುತ್ತಲೇ ನನ್ನ ಪುಟವನ್ನು ಆ ಕಡೆಯಿಂದ ಓದಿ ಮುಗಿಸಿ, "ಹ್ಞೂಂ, ತಿರುಗಿಸು" ಅನ್ನುತ್ತಾರೆ. ನಾನು ಆಗಿನ್ನೂ ಮೊದಲನೇ ಕಾಲಮ್ಮಿನಲ್ಲಿ ಒದ್ದಾಡುತ್ತಿರುತ್ತೇನೆ. ನನ್ನ ಹಾಸ್ಯ ಲೇಖನ ಬಂದ ದಿನವೂ ಅವರು ಓದುವುದು ಹಾಗೆಯೇ. "ಹೇಗಿದೆ ಭಾವ?" ಅಂತ ಒಮ್ಮೆ ಆಸೆಯಿಂದ ಕೇಳಿದೆ. "ಈ ಕಡೆಯಿಂದ ಓದಿದರೆ ನಗು ಬರುತ್ತೆ" ಅಂದರು. ಅಲ್ಲಿಂದ ಮುಂದೆ ಕೇಳುವುದು ಬಿಟ್ಟೆ.

ಈ ವಿದ್ಯೆ ಅವರಿಗೆ ಅಂಟಿದ್ದು ಅಚ್ಚುಕೂಟದಲ್ಲಿ. ಮೀಸೆ ಮೂಡುವ ಮುಂಚೆ ಅಲ್ಲಿಗೆ ಸೇರಿ, ಮೀಸೆ ನರೆಯುವ ತನಕ ಸೀಸದ ಅಕ್ಷರದ ಮೊಳೆ ಜೋಡಿಸಿದವರು. ಅಚ್ಚಿನ ಮೊಳೆ ಸಾಲಾಗಿ ನಿಂತಾಗ ಅಕ್ಷರವೆಲ್ಲ ಉಲ್ಟಾ. ಓದುವವನ ಕಣ್ಣಿಗೆ ನೆಟ್ಟಗೆ ಕಾಣಬೇಕಾದರೆ ಜೋಡಿಸುವವನ ಕಣ್ಣಿಗೆ ಅದು ತಲೆಕೆಳಗಾಗಿಯೇ ಇರಬೇಕು. ವರ್ಷಾನುಗಟ್ಟಲೆ ಹಾಗೆ ನೋಡಿ ನೋಡಿ ಭಾವನಿಗೆ ಜಗತ್ತನ್ನೇ ಎದುರಿನವರ ಕಡೆಯಿಂದ ನೋಡುವ ಚಟ ಹತ್ತಿತು. ಅಂಗಡಿಯಲ್ಲಿ ಚೌಕಾಸಿ ಮಾಡಲು ನಿಂತರೆ ಅಂಗಡಿಯವನ ಪರವಾಗಿ ವಾದ ಮಾಡಿ ಬರುತ್ತಾರೆ. "ಇವರನ್ನ ಕಟ್ಕೊಂಡ ಮೇಲೆ ಮನೇಲಿ ಜಗಳಕ್ಕೂ ಗತಿಯಿಲ್ಲ ಕಣೋ. ನಾನು ಬಾಯಿ ತೆಗೆಯೋ ಮುಂಚೆ ನನ್ನ ಕಡೆ ಸೇರಿಬಿಡ್ತಾರೆ" ಅನ್ನುವುದು ಅಕ್ಕನ ದೂರು.

ಒಂದು ದಿನ ಅಚ್ಚುಕೂಟ ಮುಚ್ಚಿತು. ಕಂಪ್ಯೂಟರ್ ಬಂದ ಮೇಲೆ ಮೊಳೆಗಳನ್ನು ಯಾರು ಕೇಳುತ್ತಾರೆ? ಅವನ್ನು ಕರಗಿಸಿ ಮಾರಿದರು. ಭಾವನನ್ನು ಕರಗಿಸಿ ಮಾರುವ ಹಾಗಿರಲಿಲ್ಲವಾದ್ದರಿಂದ ಮನೆಗೆ ಕಳಿಸಿದರು. ಕೊನೆಯ ಕೆಲಸವಾಗಿ ಸ್ಕೂಲಿನ ಪ್ರಶ್ನೆಪತ್ರಿಕೆಯ ಕಟ್ಟು ತಲುಪಿಸಲು ಹೋದವರು, ವಾಪಸು ಬರುವಾಗ ಮೇಷ್ಟ್ರಾಗಿದ್ದರು. ಇಂಗ್ಲಿಷ್ ಹೇಳಿಕೊಡುತ್ತಿದ್ದಾಕೆ ಅದೇ ಬೆಳಿಗ್ಗೆ ಕೆಲಸ ಬಿಟ್ಟಿದ್ದರಂತೆ, ಹೆಡ್‌ಮಿಸ್ ತಲೆ ಮೇಲೆ ಕೈ ಹೊತ್ತು ಕೂತಿದ್ದರಂತೆ, ಬಾಗಿಲಲ್ಲಿ ಇವರು ಕಟ್ಟು ಹಿಡಿದು ನಿಂತರಂತೆ. "ಮೇಷ್ಟ್ರೇ, ಈ ವಾರದ ಮಟ್ಟಿಗೆ ಮೂರನೇ ಕ್ಲಾಸ್ ನೋಡ್ಕೊಳ್ಳಿ" ಅಂದರಂತೆ. ಆ ವಾರ ಮುಗಿಯಲೇ ಇಲ್ಲ. ವರ್ಷಗಳಾದರೂ ಭಾವ 'ಈ ವಾರದ ಮಟ್ಟಿಗೆ'ಯಲ್ಲೇ ಇದ್ದರು. ಬೇಸಿಗೆ ರಜೆ ಬಂತೆಂದರೆ ಅಕ್ಕನ ಮುಖ ಸಪ್ಪೆಯಾಗುತ್ತಿತ್ತು. ಸ್ಕೂಲಿನ ಬಾಗಿಲು ತೆರೆದಾಗ ಮತ್ತೆ ಕರೆಯುತ್ತಾರೋ ಇಲ್ಲವೋ.

ಮಕ್ಕಳು ಅವರನ್ನು ಉಲ್ಟಾ ಸಾರ್ ಎಂದು ಕರೆಯುತ್ತಿದ್ದರು. ಬೈಗುಳವಾಗಿ ಅಲ್ಲ. ಮಗು ಪುಸ್ತಕ ಇಟ್ಟುಕೊಂಡು ಕೂತರೆ ಭಾವ ಅದರ ಎದುರಿಗೆ ಕುಕ್ಕರಗಾಲಲ್ಲಿ ಕೂತು, ಆ ಕಡೆಯಿಂದಲೇ, ಮಗುವಿಗೆ ನೆಟ್ಟಗೆ ಕಾಣುವಂತೆ ಬರೆದುಕೊಡುತ್ತಿದ್ದರು. ಅಕ್ಷರ ಅಂದರೆ ಮುತ್ತು. ಮಗುವಿನ ಕೈಯನ್ನು ತಳ್ಳುವುದಿಲ್ಲ, ಬೆನ್ನ ಹಿಂದೆ ನಿಂತು ಉಸಿರು ಬಿಡುವುದಿಲ್ಲ, ಪುಸ್ತಕ ಎಳೆದುಕೊಳ್ಳುವುದಿಲ್ಲ. ಬಲಗೈ ಎತ್ತಿ ಎಂದು ಹೇಳುವಾಗ ತಮ್ಮ ಎಡಗೈ ಎತ್ತುತ್ತಿದ್ದರು. ಮಕ್ಕಳಿಗೆ ಕನ್ನಡಿ ನೋಡಿದಂತೆ ಸುಲಭವಾಗುತ್ತಿತ್ತು. ಪಕ್ಕದ ಮನೆಯ ಹುಡುಗಿ, ಎಲ್ಲದಕ್ಕೂ ಯಾಕೆ ಯಾಕೆ ಎಂದು ಕೇಳಿ ನಮ್ಮ ಬೀದಿಯಲ್ಲಿ ಯಾಕಮ್ಮ ಎಂದು ಹೆಸರಾದವಳು, ಅದೇ ಕ್ಲಾಸಿನಲ್ಲಿದ್ದಳು. ಅವಳು ಅಪ್ಪನ ಮೇಲೆ ತಕರಾರು ತೆಗೆದದ್ದು ನನಗೆ ನೆನಪಿದೆ: "ನಮ್ಮಪ್ಪಂಗೆ ಬರೆಯೋಕೇ ಬರಲ್ಲ ಅಂಕಲ್. ಎದುರು ಕೂತ್ಕೊಂಡು ಬರೆದರೆ ಎಲ್ಲಾ ತಲೆಕೆಳಗಾಗತ್ತೆ."

ಈ ವರ್ಷ ಹೆಡ್‌ಮಿಸ್ ಭಾವನನ್ನು ಕೋಣೆಗೆ ಕರೆಸಿ, ಬಾಗಿಲು ಮುಂದೆ ಮಾಡಿ, ನಿಧಾನವಾಗಿ ಹೇಳಿದರು. ಮೇಲಿನಿಂದ ತಪಾಸಣೆಯವರು ಬರುತ್ತಾರೆ. ಹಿಂದಿನ ಬೆಂಚಿನಲ್ಲಿ ಕೂತು ಒಂದು ಪಾಠ ನೋಡುತ್ತಾರೆ. ಸರಿ ಅನ್ನಿಸಿದರೆ ಕೆಲಸ ಖಾಯಂ. ಇಲ್ಲವಾದರೆ ಟ್ರೈನಿಂಗ್ ಆದವರನ್ನು ಕಳಿಸುತ್ತಾರೆ. "ಇಷ್ಟು ವರ್ಷ ಹೇಗೋ ತಳ್ಳಿದೆ ಮೇಷ್ಟ್ರೇ. ಈ ಸಲ ನನ್ನ ಕೈಯಲ್ಲಿಲ್ಲ." ಪಾಠವನ್ನೂ ಮೇಲಿನವರೇ ಗೊತ್ತು ಮಾಡಿ ಕಳಿಸಿದ್ದರು: ಬ್ರಿಂಗ್ ಮತ್ತು ಟೇಕ್, ಇವೆರಡರ ವ್ಯತ್ಯಾಸ. ಪಾಠದಲ್ಲಿ ಇಂಗ್ಲಿಷ್ ಬಿಟ್ಟು ಬೇರೆ ಮಾತು ಬಾಯಲ್ಲಿ ಬರಕೂಡದು.

ನಾವೆಲ್ಲ ನೆಮ್ಮದಿಯ ನಿಟ್ಟುಸಿರು ಬಿಟ್ಟೆವು. ಇಷ್ಟೇನಾ? ತಾ ಅನ್ನುವುದು ಒಂದು, ತಗೊಂಡು ಹೋಗು ಅನ್ನುವುದು ಇನ್ನೊಂದು. ಹೇಳುವವನ ಕಡೆಗೆ ಬಂದರೆ ಬ್ರಿಂಗ್, ಅವನಿಂದ ದೂರ ಹೋದರೆ ಟೇಕ್. ಹಾಲು ತರುವ ಮಗುವಿಗೂ ಗೊತ್ತು. ಭಾವ ಅದನ್ನೇ ಎರಡು ವಾರ ಆಡಿಸಿದರು. ಡಸ್ಟರು, ಕೊಡೆ, ಸ್ಕೂಲಿನ ಕೈಗಂಟೆ, ಹೆಡ್‌ಮಿಸ್ ಕೋಣೆಯ ಹೂದಾನಿ, ಎಲ್ಲ ಕ್ಲಾಸಿನಲ್ಲಿ ಅತ್ತಿಂದಿತ್ತ ಓಡಾಡಿದವು. "ಒಂದು ಮಗುವೂ ತಪ್ಪುತ್ತಿಲ್ಲ ಕಣೋ. ಬಾಯಿಂದ ಮಾತು ಬೀಳೋದೇ ತಡ" ಎಂದು ಊಟಕ್ಕೆ ಕೂತಾಗ ಹೇಳುತ್ತಿದ್ದರು. ಅಕ್ಕ ಅವರ ತಟ್ಟೆಗೆ ಕೇಳದೆಯೇ ಇನ್ನೊಂದು ಸೌಟು ಬಡಿಸುತ್ತಿದ್ದಳು.

ತಪಾಸಣೆ ಗುರುವಾರ. ಅದರ ಹಿಂದಿನ ಭಾನುವಾರ ಮಧ್ಯಾಹ್ನ ಯಾಕಮ್ಮ ತನ್ನ ಹರಿದ ಲಂಗ ಹೊಲಿದಾಯಿತೇ ಎಂದು ಕೇಳಿಕೊಂಡು ಬಂದಳು. ಅಕ್ಕ ಹೊಲಿಗೆ ಮಿಶನ್ ತುಳಿಯುತ್ತಿದ್ದಳು. ನಾನು ಚಾಪೆಯ ಮೇಲೆ ಉರುಳಿಕೊಂಡು, ಬರೆಯದಿರುವುದಕ್ಕೆ ಕಾರಣ ಹುಡುಕುತ್ತಿದ್ದೆ. ಭಾವ ಕುರ್ಚಿಯಲ್ಲಿ ತೂಕಡಿಸುತ್ತಿದ್ದರು.

"ಎಲ್ಲಿ, ನಿಮ್ಮ ಸಾರ್ ಕಲಿಸಿದ್ದು ನಾನೂ ನೋಡೋಣ" ಅಂದಳು ಅಕ್ಕ. ಕಿಟಕಿಯ ಕಟ್ಟೆಯ ಮೇಲಿದ್ದ ಕತ್ತರಿಯ ಕಡೆ ಗಲ್ಲ ಎತ್ತಿ, ಗಂಟಲು ಸರಿಮಾಡಿಕೊಂಡು, "ಬ್ರಿಂಗ್ ಕತ್ತರಿ!" ಎಂದಳು.

ಯಾಕಮ್ಮ ಓಡಿಹೋಗಿ ಕತ್ತರಿ ತೆಗೆದುಕೊಂಡಳು. ಎದೆಗೆ ಒತ್ತಿಕೊಂಡಳು. ಅಲ್ಲೇ ನಿಂತಳು.

"ತಾರೇ."

"ತಂದೆನಲ್ಲ ಆಂಟಿ."

"ಎಲ್ಲಿಗೆ?"

"ನನ್ನ ಹತ್ರ."

"ಓಹೋ, ಜಾಣೆ. ಹಾಗಾದ್ರೆ ಟೇಕ್ ಕತ್ತರಿ."

ಹುಡುಗಿ ಗಾಳಿಯ ಹಾಗೆ ಬಂದು ಕತ್ತರಿಯನ್ನು ಅಕ್ಕನ ಮಡಿಲಲ್ಲಿಟ್ಟಳು. "ಟೇಕ್! ತಗೊಳ್ಳಿ!"

ಅಕ್ಕ ನಕ್ಕಳು. ನಾನಂತೂ ಬಿದ್ದು ಬಿದ್ದು ನಕ್ಕೆ. ಇದನ್ನು ಎಲ್ಲಿ ಬರೆಯಲಿ, ಹೇಗೆ ಶುರು ಮಾಡಲಿ ಎಂದು ಒಳಗೊಳಗೇ ಲೆಕ್ಕ ಹಾಕುತ್ತಿದ್ದೆ. ಆಗ ಭಾವನ ಕಡೆ ನೋಡಿದೆ. ಅವರು ಎದ್ದು ನಿಂತಿದ್ದರು. ಮುಖದಲ್ಲಿ ರಕ್ತವಿರಲಿಲ್ಲ.

"ಇವಳು ತಪ್ಪು ಮಾಡಲಿಲ್ಲ. ಕ್ಲಾಸಲ್ಲಿ ಎಲ್ಲರೂ ಹೀಗೇ ಮಾಡ್ತಾರೆ" ಅಂದರು.

"ಮತ್ತೆ ನಿಮಗೆ ಗೊತ್ತಾಗಲಿಲ್ವಾ?" ಅಂದಳು ಅಕ್ಕ.

"ನನಗೆ ಸರಿಯಾಗೇ ಕಾಣ್ತಿತ್ತು."

ಅಷ್ಟು ಹೊತ್ತಿಗೆ ನನಗೂ ಹೊಳೆಯಿತು. ಭಾವ ಮಕ್ಕಳಿಗೆ ಎದುರಾಗಿ ನಿಂತು, ಬಲಗೈ ಎನ್ನುವಾಗ ಎಡಗೈ ಎತ್ತುವ ಹಾಗೆಯೇ, ಬ್ರಿಂಗ್ ಎನ್ನುತ್ತ ಡಸ್ಟರನ್ನು ಮಕ್ಕಳ ಕಡೆ ಸರಿಸಿ ತೋರಿಸಿದ್ದರು. ಮಕ್ಕಳ ಕಡೆಯಿಂದ ನೋಡಿದರೆ ಡಸ್ಟರು ಬರುತ್ತಿತ್ತು. ಟೇಕ್ ಎಂದಾಗ ತಮ್ಮ ಕಡೆ ಎಳೆದುಕೊಂಡಿದ್ದರು. ಮಕ್ಕಳ ಕಡೆಯಿಂದ ಅದು ಹೋಗುತ್ತಿತ್ತು. ಮಕ್ಕಳು ಕಂಡದ್ದನ್ನು ಕಲಿತಿದ್ದರು. ಮೇಷ್ಟ್ರು ಬ್ರಿಂಗ್ ಅಂದರೆ ತಮ್ಮ ಹತ್ತಿರ ಇಟ್ಟುಕೊಳ್ಳುವುದು, ಟೇಕ್ ಅಂದರೆ ಮೇಷ್ಟ್ರಿಗೆ ಕೊಡುವುದು. ಇಡೀ ಕ್ಲಾಸು, ಒಂದು ಮಗುವೂ ತಪ್ಪದೆ.

"ಯಾಕೆ ಸಾರ್ ಎಲ್ಲಾ ಸುಮ್ನಾದ್ರಿ?" ಅಂತ ಯಾಕಮ್ಮ ಕೇಳಿದಳು. ಅಕ್ಕ ಅವಳ ಕೈಗೆ ಲಂಗ ಕೊಟ್ಟು ಕಳಿಸಿದಳು. ಮತ್ತೆ ಮಿಶನ್ ತುಳಿಯಲು ಹೋಗಲಿಲ್ಲ.

ಸೋಮವಾರ ಭಾವ ತಿದ್ದಲು ಹೊರಟರು. ಕಲಿಸುವುದಾದರೂ ಸುಲಭ. ಕಲಿತದ್ದನ್ನು ಮರೆಸುವುದಕ್ಕೆ ಯಾವ ಟ್ರೈನಿಂಗೂ ಇಲ್ಲ. "ನಾನು ಹೇಳಿದ್ದು ತಪ್ಪು, ಅದು ಹಾಗಲ್ಲ ಹೀಗೆ" ಅಂದರು. ಮಕ್ಕಳು ನಂಬಲಿಲ್ಲ. ಉಲ್ಟಾ ಸಾರ್ ತಪ್ಪು ಹೇಳುವುದುಂಟೇ? ಇದೇನೋ ಹೊಸ ಆಟ ಎಂದುಕೊಂಡರು. ಸಂಜೆಯ ಹೊತ್ತಿಗೆ ಅರ್ಧ ಕ್ಲಾಸು ಈ ಕಡೆ, ಅರ್ಧ ಕ್ಲಾಸು ಆ ಕಡೆ. ಮಂಗಳವಾರ ಒಂದು ಮಗು ಡಸ್ಟರು ಹಿಡಿದು ನಡುದಾರಿಯಲ್ಲಿ ನಿಂತು ಅತ್ತುಬಿಟ್ಟಿತಂತೆ.

ಮನೆಗೆ ಬಂದರೆ ಭಾವ ಊಟಕ್ಕೆ ಕೂರುತ್ತಿರಲಿಲ್ಲ. ಅಡುಗೆಮನೆಯಲ್ಲಿ ನಿಂತು ನಮ್ಮ ಮೇಲೆ ಅಭ್ಯಾಸ ಮಾಡುತ್ತಿದ್ದರು. ನಾನು ಮಗು, ಅಕ್ಕ ತಪಾಸಣೆಯವರು. ಲೋಟ ಹಿಡಿದು ಬ್ರಿಂಗ್ ಎಂದು ತಮ್ಮ ಎದೆಯ ಕಡೆ ಎಳೆದುಕೊಳ್ಳಬೇಕು. ಅಷ್ಟೇ. ಕೈ ಹೋಗುತ್ತಿದ್ದುದು ನನ್ನ ಕಡೆಗೆ. ನೀರು ಚೆಲ್ಲಿ ನನ್ನ ಅಂಗಿ ತೊಯ್ದು ತೊಪ್ಪೆಯಾಯಿತು.

"ರೀ, ನಿಮ್ಮ ಕಡೆಗೆ ರೀ!"

"ಗೊತ್ತು ಕಣೇ. ಆದ್ರೆ ಅವನು ಅಲ್ಲಿ ಕೂತಿದ್ದಾನಲ್ಲ. ಅವನಿಗೆ ಹೇಗೆ ಕಾಣುತ್ತೆ?"

"ಅವನಿಗೆ ಹೇಗೆ ಕಂಡರೇನು! ಒಂದು ಸಲ ನಿಮ್ಮ ಕಡೆಯಿಂದ ನೋಡಿ. ಒಂದೇ ಒಂದು ಸಲ."

ಭಾವ ಲೋಟವನ್ನು ಮೇಜಿನ ಮೇಲಿಟ್ಟು ತಮ್ಮ ಕೈಯನ್ನೇ ನೋಡುತ್ತ ನಿಂತರು. ಬೆರಳ ತುದಿಗಳು ಇನ್ನೂ ಮೊಳೆ ಹಿಡಿದ ಹಾಗೆ ಬಾಗಿದ್ದವು. "ಬರಲ್ಲ ಕಣೇ. ನನ್ನ ಕಡೆ ಅನ್ನೋದು ಎಲ್ಲಿದೆ ಅಂತಾನೇ ಮರೆತುಹೋಗಿದೆ. ಇದೂ ಹೋದ್ರೆ ನಾನು ಇನ್ನೆಲ್ಲಿಗೆ ಹೋಗಲಿ? ಮೊಳೆ ಜೋಡಿಸೋನು ಬೇಕು ಅಂತ ಯಾರು ಕಾಯ್ತಿದ್ದಾರೆ?"

ನಾನು ಬುದ್ಧಿವಂತನಂತೆ ಒಂದು ಉಪಾಯ ಹೇಳಿದೆ. ನಾಲ್ಕು ಅಕ್ಷರ ಬರೆದು ಹೆಸರು ಮಾಡಿದವನಲ್ಲವೇ ನಾನು! "ಮಕ್ಕಳು ಉಲ್ಟಾ ಕಲಿತಿದ್ದರೆ ನೀವೂ ಉಲ್ಟಾ ಹೇಳಿಬಿಡಿ ಭಾವ. ತರಬೇಕಾದಾಗ ಟೇಕ್ ಅನ್ನಿ."

"ಹಿಂದೆ ಕೂತವರಿಗೆ ಕಿವಿ ಇರಲ್ವಾ?" ಅಂದಳು ಅಕ್ಕ. ಆಮೇಲೆ ನನ್ನನ್ನು ನೀರು ತರಲು ಕಳಿಸಿದಳು, ಶುದ್ಧ ಕನ್ನಡದಲ್ಲಿ.

ಬುಧವಾರ ಭಾವನಿಗೇ ಒಂದು ದಾರಿ ಕಂಡಿತು. ಎದುರು ನಿಲ್ಲುವುದೇ ಬೇಡ. ಮಕ್ಕಳ ಮಧ್ಯೆ, ಬೆಂಚಿನ ಪಕ್ಕ, ಅವರು ನೋಡುವ ಕಡೆಗೇ ಮುಖ ಮಾಡಿ ನಿಲ್ಲುವುದು. ಆಗ ಎದುರು ಕಡೆ ಅನ್ನುವುದೇ ಇರುವುದಿಲ್ಲ. ಹಾಗೆ ನಿಂತು ನೋಡಿದರು. ಮಕ್ಕಳು ಪರವಾಗಿಲ್ಲ ಅನ್ನುವಷ್ಟು ಮಾಡಿದರು. ಮನೆಗೆ ಬಂದು ಅರ್ಧ ತಟ್ಟೆ ಊಟ ಮಾಡಿದರು. ಅಕ್ಕ ನೋಡುತ್ತ ನಿಂತಿದ್ದಳು, ನಡುವೆ ಕೆಮ್ಮಿದರೆ ಎದ್ದುಹೋಗುತ್ತಾರೇನೋ ಎಂಬಂತೆ.

ಗುರುವಾರ ನಾನೂ ಹೋದೆ. ಪಾಠದ ಸಾಮಾನಿನ ಚೀಲ ಹೊರಲು ಯಾರಾದರೂ ಬೇಕಿತ್ತು. ಹೆಡ್‌ಮಿಸ್ ನನಗೆ ಕ್ಲಾಸಿನ ಬಾಗಿಲ ಹತ್ತಿರ ಒಂದು ಸ್ಟೂಲ್ ಹಾಕಿಸಿ, "ನೀವು ತಮಾಷೆಯಾಗಿ ಬರೀತೀರಂತೆ. ಇವತ್ತು ಬೇಡ" ಅಂದರು.

ತಪಾಸಣೆಗೆ ಬಂದವರು ತೆಳ್ಳಗಿನ ಹೆಂಗಸು. ರಾಕ್ಷಸಿಯಾಗಿದ್ದರೆ ನಾನು ಸುಲಭವಾಗಿ ಬಯ್ದುಕೊಳ್ಳಬಹುದಿತ್ತು. ಆಕೆ ಮೆತ್ತಗೆ ಮಾತಾಡಿದರು. ಮಕ್ಕಳ ಬೆಂಚಿನಲ್ಲಿ ಮೊಣಕಾಲು ಮಡಚಿ ಕಷ್ಟಪಟ್ಟು ಕೂತರು. ನೆಗಡಿಯಾಗಿತ್ತು ಪಾಪ, ಕರವಸ್ತ್ರ ಕೈಯಲ್ಲೇ ಇತ್ತು.

ಭಾವ ಬೆಂಚುಗಳ ನಡುವೆ ನಿಂತರು. ಇಸ್ತ್ರಿಯ ಅಂಗಿ, ಬೆನ್ನಲ್ಲಿ ಆಗಲೇ ಬೆವರಿನ ನಕ್ಷೆ. "ಬ್ರಿಂಗ್ ದ ಅಂಬ್ರೆಲಾ" ಅಂದರು. ಒಂದು ಮಗು ಕೊಡೆ ತಂದುಕೊಟ್ಟಿತು. "ಟೇಕ್ ದ ಅಂಬ್ರೆಲಾ ಟು ದ ಡೋರ್." ಕೊಡೆ ನನ್ನ ಕಾಲ ಬುಡಕ್ಕೆ ಬಂತು. ಡಸ್ಟರು ಬಂತು, ಹೋಯಿತು. ಹೂದಾನಿ ಬಂತು, ಹೋಯಿತು. ಹೆಡ್‌ಮಿಸ್ ಮುಖದ ಗಂಟು ಒಂದೊಂದಾಗಿ ಬಿಚ್ಚುತ್ತಿತ್ತು. ಆಯಿತು, ಗೆದ್ದೆವು, ಅಕ್ಕನಿಗೆ ಏನೆಂದು ಹೇಳಲಿ ಎಂದು ನಾನು ವಾಕ್ಯ ಕಟ್ಟುತ್ತಿದ್ದೆ.

ಆದರೆ ಬೆಂಚಿನಲ್ಲಿ ಕೂತಾಕೆ ಬರೆಯುವುದನ್ನು ನಿಲ್ಲಿಸಿದ್ದರು. ನೋಡುತ್ತಿದ್ದರು. ಅವರು ಏನು ನೋಡುತ್ತಿದ್ದಾರೆಂದು ನಾನೂ ನೋಡಿದೆ. ಪ್ರತಿ ಮಗುವೂ ವಸ್ತುವನ್ನು ಎತ್ತಿಕೊಂಡು ಒಂದು ಕ್ಷಣ ನಿಲ್ಲುತ್ತಿತ್ತು. ಭಾವನ ಮುಖ ನೋಡುತ್ತಿತ್ತು. ಭಾವನಿಗೆ ಗೊತ್ತೇ ಆಗದಂತೆ ಅವರ ಹುಬ್ಬು, ಕಣ್ಣು, ಗಲ್ಲ, ಎಲ್ಲವೂ 'ಬಾ ಬಾ' ಅನ್ನುತ್ತಿತ್ತು, ಇಲ್ಲವೇ 'ಹೋಗು ಹೋಗು' ಅನ್ನುತ್ತಿತ್ತು. ಮಕ್ಕಳು ಅದನ್ನು ಓದಿಕೊಂಡು ಹೆಜ್ಜೆ ಇಡುತ್ತಿದ್ದರು.

"ತುಂಬಾ ಚೆನ್ನಾಗಿದೆ" ಅಂದರು ಆಕೆ. "ಒಂದು ಚಿಕ್ಕ ಕೋರಿಕೆ. ಮುಂದೆ ಹೋಗಿ ಬೋರ್ಡಿನ ಕಡೆ ತಿರುಗಿ ನಿಂತು ಹೇಳ್ತೀರಾ?"

ಭಾವ ಹೋದರು. ಬೋರ್ಡಿಗೆ ಮುಖ ಮಾಡಿ ನಿಂತರು. ನಾನು ಕಂಡಂತೆ ಅವರು ಯಾವ ಮಗುವಿಗೂ ಯಾವತ್ತೂ ಬೆನ್ನು ತೋರಿಸಿದವರಲ್ಲ.

"ಬ್ರಿಂಗ್ ದ ಬೆಲ್" ಅಂದರು. ದನಿ ಬೋರ್ಡಿಗೆ ಬಡಿದು ಅಲ್ಲೇ ಉದುರಿತು.

ಯಾರೂ ಅಲ್ಲಾಡಲಿಲ್ಲ. ಆಮೇಲೆ ಯಾಕಮ್ಮ ಎದ್ದಳು. ಕಿಟಕಿಯ ಹತ್ತಿರವಿದ್ದ ಕೈಗಂಟೆ ಎತ್ತಿಕೊಂಡಳು. ಗಂಟೆ ಸಣ್ಣಗೆ ಕಿಣಿಯೆಂದಿತು. ಕಿಣಿ ಕಿಣಿ ಬೋರ್ಡಿನ ಕಡೆ ಎರಡು ಹೆಜ್ಜೆ ಬಂತು. ನಿಂತಿತು. ತಿರುಗಿ ತನ್ನ ಬೆಂಚಿನ ಕಡೆ ಹೋಯಿತು. ಮತ್ತೆ ನಿಂತಿತು. ಭಾವನ ಕೈ ಬೋರ್ಡಿನ ಚೌಕಟ್ಟನ್ನು ಹಿಡಿದುಕೊಂಡಿತು. ನನ್ನಿಂದ ತಡೆಯಲಾಗಲಿಲ್ಲ. ಕೈ ಎತ್ತಿ, ಅತ್ತ ಹೋಗೇ ಎಂದು ಸನ್ನೆ ಮಾಡಲು ಹೊರಟೆ. ಹೆಡ್‌ಮಿಸ್ ದುರುಗುಟ್ಟಿದರು. ಎತ್ತಿದ ಕೈಯನ್ನು ಏನು ಮಾಡುವುದು? ತಲೆ ಕೆರೆದುಕೊಂಡೆ. ಕೂದಲಿಲ್ಲದ ತಲೆಯಲ್ಲಿ ಅಷ್ಟು ಹೊತ್ತು ಕೆರೆಯುವಂಥದ್ದು ಏನೂ ಇರಲಿಲ್ಲ.

"ಸಾರ್" ಅಂದಳು ಯಾಕಮ್ಮ. "ಯಾಕೆ ಆ ಕಡೆ ತಿರುಗಿದ್ದೀರಾ?"

ಭಾವ ತಿರುಗಲಿಲ್ಲ.

"ಸಾರ್, ಈಗ ನೀವು ನಮ್ಮ ಕಡೆಯಿಂದ ಹೇಳ್ತಿದ್ದೀರೋ, ನಿಮ್ಮ ಕಡೆಯಿಂದಲೋ?"

ಸುಮ್ಮನಿದ್ದರೆ ಸಾಕಿತ್ತು. ಇಲ್ಲವೇ ಅದೇ ಇಂಗ್ಲಿಷ್ ವಾಕ್ಯವನ್ನು ಇನ್ನೊಮ್ಮೆ ಹೇಳಿದ್ದರೆ ಸಾಕಿತ್ತು. ಹುಡುಗಿ ಅಳುವ ಅಂಚಿನಲ್ಲಿದ್ದಾಳೆಂದು ಅವಳ ದನಿಯಲ್ಲಿ ಗೊತ್ತಾಗುತ್ತಿತ್ತು. ಭಾವ ಬೋರ್ಡಿನ ಕಡೆ ನಿಂತಲ್ಲಿಂದಲೇ, ಕನ್ನಡದಲ್ಲಿ, ಬೇಡಿಕೊಳ್ಳುವಂತೆ ಅಂದರು:

"ನನ್ನ ಕಡೆಯಿಂದ ಕಣಮ್ಮ. ಇವತ್ತೊಂದು ದಿನ ನನ್ನ ಕಡೆಯಿಂದ. ತಂದುಬಿಡು."

ಗಂಟೆ ಗಣಗಣ ಎಂದು ಓಡಿಬಂತು. ಪಕ್ಕದ ಕ್ಲಾಸಿನವರು ಸ್ಕೂಲು ಬಿಟ್ಟಿತೆಂದು ಚೀಲ ಹೆಗಲಿಗೇರಿಸಿ ಹೊರಗೆ ನುಗ್ಗಿದರು. ಹೆಡ್‌ಮಿಸ್ ಅವರನ್ನು ಅಟ್ಟಲು ಓಡಿದರು. ತಪಾಸಣೆಯಾಕೆ ಮೂಗು ಒರೆಸಿಕೊಂಡು, ತಲೆ ತಗ್ಗಿಸಿ, ಬಹಳ ಹೊತ್ತು ಬರೆದರು.

ಮಧ್ಯಾಹ್ನ ಹೆಡ್‌ಮಿಸ್ ಕರೆದು, ತಪಾಸಣೆಯಾಕೆ ಬರೆದದ್ದನ್ನು ಹೇಳಿದರು. ಮಕ್ಕಳು ಮಾತು ಕೇಳುತ್ತಿಲ್ಲ, ಮೇಷ್ಟ್ರ ಮುಖ ಓದುತ್ತಿದ್ದಾರೆ. ಪಾಠದ ನಡುವೆ ಕನ್ನಡ ಬಂತು. ಖಾಯಂ ಮಾಡಲು ಆಗುವುದಿಲ್ಲ. ಆದರೆ ತೆಗೆದುಹಾಕಿ ಅಂತಲೂ ಆಕೆ ಬರೆದಿಲ್ಲ. ಮುಂದಿನ ವರ್ಷ ಮತ್ತೆ ಬರುತ್ತಾರೆ. ಅಲ್ಲಿಯ ತನಕ ಮೇಷ್ಟ್ರು ಎದುರು ಕೂರುವುದು ಬಿಟ್ಟು ಮಕ್ಕಳ ಪಕ್ಕದಲ್ಲಿ ಕೂತು ಕಲಿಸುವುದನ್ನು ರೂಢಿ ಮಾಡಿಕೊಳ್ಳಬೇಕು. ಪಾಠ ಇದೇ ಇರಲಿ.

"ಅಂದರೆ ಈ ವಾರದ ಮಟ್ಟಿಗೆ" ಅಂದರು ಭಾವ.

"ಹಾಗೇ ಅಂದ್ಕೊಳ್ಳಿ ಮೇಷ್ಟ್ರೇ" ಅಂದರು ಹೆಡ್‌ಮಿಸ್. ಪಾಪ, ಅವರ ಕಣ್ಣೂ ಕೆಂಪಾಗಿತ್ತು.

ಇಬ್ಬರೂ ಮನೆಗೆ ಬಂದೆವು. ಅಕ್ಕ ಬಾಗಿಲಲ್ಲೇ ನಿಂತಿದ್ದಳು. ನಮ್ಮಿಬ್ಬರ ಮುಖ ನೋಡಿದಳು, ಕೇಳಲಿಲ್ಲ. ಆ ಮನೆಯಲ್ಲಿ ಎಲ್ಲರಿಗೂ ಮುಖ ಓದಲು ಬರುತ್ತದೆ. "ಇನ್ನೊಂದು ವರ್ಷ ಕಾಯಬೇಕಂತೆ" ಎಂದು ನಾನೇ ಅಂದೆ. "ಇನ್ನೊಂದು ವರ್ಷ ಹೀಗೇನಾ" ಎಂದು ಅವಳು ಬಾಗಿಲ ಚೌಕಟ್ಟಿಗೆ ಒರಗಿದಳು.

ಈಗ ಭಾವ ಮಕ್ಕಳ ಪಕ್ಕದಲ್ಲಿ ಕೂರುತ್ತಾರೆ. ಮನೆಯಲ್ಲೂ ಅದೇ ಅಭ್ಯಾಸ. ನಿನ್ನೆ ಸಂಜೆ ಯಾಕಮ್ಮ ಪುಸ್ತಕ ತಂದು ಮೇಜಿನ ಮೇಲಿಟ್ಟಳು. ಭಾವ ಎದುರಿನ ಕುರ್ಚಿಯತ್ತ ಹೋದವರು, ನೆನಪಾಗಿ, ಬಳಸಿ ಬಂದು ಅವಳ ಪಕ್ಕದಲ್ಲಿ ಕೂತು ಬರೆಯತೊಡಗಿದರು. ನಾನು ಇಣುಕಿ ನೋಡಿದೆ. ಮುತ್ತಿನಂಥ ಅಕ್ಷರ ಬರೆಯುತ್ತಿದ್ದ ಕೈ ಅದು ಎಂದು ಹೇಳಿದರೆ ಯಾರೂ ನಂಬಲಾರರು. ಕೋಳಿ ಕೆದರಿದ ಹಾಗೆ, ಒಂದೊಂದು ಅಕ್ಷರವೂ ಒಂದೊಂದು ಕಡೆ ವಾಲಿತ್ತು.

ಯಾಕಮ್ಮ ಬಹಳ ಹೊತ್ತು ಅದನ್ನೇ ನೋಡಿದಳು.

"ಸಾರ್, ಈ ಕಡೆಯಿಂದ ನಿಮಗೆ ಬರೆಯೋಕೆ ಬರಲ್ಲ. ಆ ಕಡೆ ಹೋಗಿ ಕೂತ್ಕೊಳ್ಳಿ."

"ಹೋಗಕೂಡದು ಕಣಮ್ಮ."

"ಯಾಕೆ?"

ಭಾವ ಎದುರಿನ ಖಾಲಿ ಕುರ್ಚಿಯನ್ನು ಒಮ್ಮೆ ನೋಡಿದರು. ಆಮೇಲೆ ಪೆನ್ಸಿಲ್ಲು ಗಟ್ಟಿಯಾಗಿ ಹಿಡಿದು, ಅದೇ ಅಕ್ಷರವನ್ನು ಮತ್ತೆ ಮೊದಲಿನಿಂದ ತೀಡಲು ಶುರು ಮಾಡಿದರು.